ಗಾಜಿನ ಆಚೆ ಬದಿ: ಆಕಾಶವಾಣಿಯ ಕಂಟ್ರೋಲ್ ರೂಮಿನ ಮೇಲ್ವಿಚಾರಣೆ ನಡೆದು ಬಂದ ದಾರಿ

ಆಕಾಶವಾಣಿಯ ಯಾವುದೇ ನಿಲಯದಲ್ಲಿ ಒಂದು ಹೊತ್ತಿನ ಪ್ರಸಾರಕ್ಕೆ ಇಬ್ಬರು ಹೊಣೆಗಾರರು. ಡ್ಯೂಟಿ ರೂಮಿನಲ್ಲಿ ಕೂತ ಡ್ಯೂಟಿ ಆಫೀಸರ್ ಕಾರ್ಯಕ್ರಮ ವಿಭಾಗದವರು. ಕಂಟ್ರೋಲ್ ರೂಮಿನಲ್ಲಿ ಪಾಳಿಯ ಮೇಲ್ವಿಚಾರಣೆ ನೋಡುವವರು ಎಂಜಿನಿಯರಿಂಗ್ ವಿಭಾಗದವರು. ಯಾವ ಹೊತ್ತಿಗೆ ಏನು ಕೇಳಿಸಬೇಕು ಎಂಬುದು ಮೊದಲನೆಯವರ ಕೆಲಸ. ಅದು ಕೇಳಿಸುವಂತೆ ಮಾಡುವುದು ಎರಡನೆಯವರದು. ಪ್ರಸಾರ ಅರ್ಧ ನಿಮಿಷ ನಿಂತರೂ ಆ ಸಂಗತಿ ಎರಡು ಬೇರೆ ಲಾಗ್ ಪುಸ್ತಕಗಳಲ್ಲಿ ದಾಖಲಾಗುತ್ತದೆ. ಎರಡರಲ್ಲೂ ಕಾರಣ ಒಂದೇ ಇರಬೇಕೆಂದಿಲ್ಲ. ಉದ್ಘೋಷಕರು ಫೇಡರ್ ತೆರೆಯಲಿಲ್ಲ ಎಂದು ಒಂದು ಪುಸ್ತಕ, ಲೈನು ಸತ್ತಿತ್ತು ಎಂದು ಇನ್ನೊಂದು. ಮರುದಿನ ಬೆಳಗಿನ ಸಭೆಯಲ್ಲಿ ಎರಡನ್ನೂ ಎದುರುಬದುರು ಇಟ್ಟುಕೊಂಡು ಓದುವುದು ರೂಢಿ. ಭಾರತದ ಸಾರ್ವಜನಿಕ ಬಾನುಲಿಯಲ್ಲಿ ಧ್ವನಿ ತಂತ್ರಜ್ಞರ ತಂಡವನ್ನು ನಡೆಸುವ ಕೆಲಸದ ಚರಿತ್ರೆ ಬಹುಪಾಲು ಈ ಎರಡು ಪುಸ್ತಕಗಳ ನಡುವಿನ ಗಡಿಯ ಚರಿತ್ರೆಯೇ.

ಈ ಗಡಿ ಮೊದಲಿನಿಂದ ಇದ್ದದ್ದಲ್ಲ. 1923ರಲ್ಲಿ ಬೊಂಬಾಯಿ ಮತ್ತು ಕಲ್ಕತ್ತದಲ್ಲಿ, ಮರುವರ್ಷ ಮದರಾಸಿನಲ್ಲಿ ಪ್ರಸಾರಕ್ಕಿಳಿದ ರೇಡಿಯೋ ಕ್ಲಬ್ಬುಗಳು ಹವ್ಯಾಸಿಗಳ ಕೂಟಗಳಾಗಿದ್ದವು. ತಂತಿ ಬೆಸೆದವರೇ ಮೈಕಿನ ಮುಂದೆ ನಿಂತು ಮಾತನಾಡುತ್ತಿದ್ದರು. 1927ರ ಜುಲೈ 23ರಂದು ಇಂಡಿಯನ್ ಬ್ರಾಡ್‌ಕಾಸ್ಟಿಂಗ್ ಕಂಪನಿಯ ಬೊಂಬಾಯಿ ನಿಲಯವನ್ನು ವೈಸ್‌ರಾಯ್ ಇರ್ವಿನ್ ಉದ್ಘಾಟಿಸಿದರು. ಒಂದು ತಿಂಗಳ ಬಳಿಕ ಕಲ್ಕತ್ತದ ನಿಲಯ ಶುರುವಾಯಿತು. ಎರಡೂ ಕಡೆ 1.5 ಕಿಲೋವಾಟ್‌ನ ಮಧ್ಯಮ ತರಂಗದ ಪ್ರೇಷಕಗಳು, ಅಂದರೆ ಊರು ಮತ್ತು ಊರಿನ ಆಸುಪಾಸಿಗೆ ಸಾಕಾಗುವಷ್ಟು ಬಲ. ಸಂಬಳ ಪಡೆಯುವ ತಂತ್ರಜ್ಞರ ಸಣ್ಣ ಗುಂಪೊಂದು ಪಾಳಿಯ ಮೇಲೆ ಕೆಲಸ ಮಾಡುವ ಪದ್ಧತಿ ಬೇರೂರಿದ್ದು ಇಲ್ಲಿಂದ. ಕಂಪನಿ ಮಾತ್ರ ಉಳಿಯಲಿಲ್ಲ. ವರ್ಷಕ್ಕೆ 10 ರೂಪಾಯಿ ಲೈಸೆನ್ಸ್ ಶುಲ್ಕ ಕೊಡುವ ಕೇಳುಗರ ಸಂಖ್ಯೆ ಖರ್ಚಿಗೆ ಸಾಲುವಷ್ಟು ಬೆಳೆಯದೆ 1930ರ ಮಾರ್ಚ್‌ನಲ್ಲಿ ಬಾಗಿಲು ಮುಚ್ಚಿತು. ಏಪ್ರಿಲ್ 1ರಿಂದ ಸರ್ಕಾರವೇ ನಿಲಯಗಳನ್ನು ವಹಿಸಿಕೊಂಡಿತು. ತಂತ್ರಜ್ಞರು ಸರ್ಕಾರಿ ನೌಕರರಾದರು. ಈ ಬದಲಾವಣೆಯ ಪರಿಣಾಮ ಆಗಿನವರಿಗೆ ಕಂಡಿದ್ದಕ್ಕಿಂತ ದೊಡ್ಡದು: ಮುಂದೆ ವಾಲ್ವ್ ಖರೀದಿಗೂ ರಜೆ ಮಂಜೂರಿಗೂ ಬಡ್ತಿಗೂ ಸರ್ಕಾರಿ ಕಚೇರಿಯ ನಿಯಮಗಳೇ ಅಳತೆಗೋಲಾದವು.

1935ರಲ್ಲಿ ಬಿಬಿಸಿಯಿಂದ ಲಯೋನೆಲ್ ಫೀಲ್ಡನ್ ಬಾನುಲಿಯ ಕಂಟ್ರೋಲರ್ ಆಗಿ ಬಂದರು. ಮುಂದಿನ ವರ್ಷದ ಜೂನ್ 8ರಂದು ಸಂಸ್ಥೆಗೆ ಆಲ್ ಇಂಡಿಯಾ ರೇಡಿಯೋ ಎಂಬ ಹೆಸರು ಬಿತ್ತು. ಎಂಜಿನಿಯರುಗಳ ದೃಷ್ಟಿಯಲ್ಲಿ ಅದೇ ವರ್ಷ ಬಿಬಿಸಿಯಿಂದಲೇ ಬಂದ ಇನ್ನಿಬ್ಬರ ಆಗಮನ ಅದಕ್ಕಿಂತ ಮುಖ್ಯ. ಎಚ್.ಎಲ್. ಕರ್ಕ್ ದೇಶ ಸುತ್ತಿ ಪ್ರೇಷಕಗಳಿಗೆ ಜಾಗ ಗುರುತಿಸಿ ಹಿಂದಿರುಗಿದರು. ಸಿ.ಡಬ್ಲ್ಯು. ಗಾಯ್ಡರ್ ಮುಖ್ಯ ಎಂಜಿನಿಯರ್ ಆಗಿ ಹತ್ತು ವರ್ಷ ಇಲ್ಲೇ ನಿಂತರು. ಗಾಯ್ಡರ್ ಅವರಿಗೆ ಆಗ ಮೂವತ್ತರ ಪ್ರಾಯ. ಲಂಡನ್ನಿನ ಮಿಲ್ ಹಿಲ್ ಶಾಲೆಯಲ್ಲಿ ಹುಡುಗನಾಗಿದ್ದಾಗಲೇ, 1924ರ ಅಕ್ಟೋಬರ್ 18ರಂದು, ಶಾಲೆಯ ಹವ್ಯಾಸಿ ಉಪಕರಣದಿಂದ ನ್ಯೂಜಿಲೆಂಡಿನ ಫ್ರಾಂಕ್ ಬೆಲ್ ಎಂಬುವರೊಡನೆ ಸಂದೇಶ ವಿನಿಮಯ ಮಾಡಿ ಹೆಸರಾಗಿದ್ದವರು ಅವರು. ಆ ಎರಡು ದೇಶಗಳ ನಡುವೆ ಅದೇ ಮೊದಲ ದ್ವಿಮುಖ ಸಂಪರ್ಕ. ಹ್ರಸ್ವ ತರಂಗ ಎಷ್ಟು ದೂರ ಹೋಗಬಲ್ಲದು ಎಂಬುದನ್ನು ಕೈಯಾರೆ ಕಂಡಿದ್ದ ಅವರು ಭಾರತಕ್ಕೂ ಅದನ್ನೇ ಮದ್ದೆಂದು ಸೂಚಿಸಿದರು. ಇಷ್ಟು ವಿಸ್ತಾರದ ದೇಶವನ್ನು ಮಧ್ಯಮ ತರಂಗದಿಂದಲೇ ಮುಚ್ಚಲು ಬೇಕಾಗುವ ಪ್ರೇಷಕಗಳ ಸಂಖ್ಯೆ ಅಂದಿನ ಬಜೆಟ್ಟಿನಲ್ಲಿ ಊಹಿಸಲೂ ಆಗದಂಥದ್ದು. ಹಾಗಾಗಿ ಮಹಾನಗರಗಳಿಗೆ ಮಧ್ಯಮ ತರಂಗ, ಹೊರಗಿನ ವಿಶಾಲ ಪ್ರದೇಶಕ್ಕೆ ಗುಣಮಟ್ಟ ಸ್ವಲ್ಪ ಕಡಿಮೆಯಾದರೂ ದೂರ ತಲುಪುವ ಹ್ರಸ್ವ ತರಂಗ ಎಂಬ ಯೋಜನೆ ರೂಪುಗೊಂಡಿತು. 1937ರಲ್ಲಿ ಸಂಶೋಧನಾ ವಿಭಾಗವೂ ಹುಟ್ಟಿತು.

ಮೇಲ್ವಿಚಾರಣೆಯ ಮಟ್ಟಿಗೆ ಈ ದಶಕ ಬಿಟ್ಟುಹೋದ ಆಸ್ತಿ ಬೇರೆಯದು. ಕಾರ್ಯಕ್ರಮದ ಕಡೆ ನಿಲಯ ನಿರ್ದೇಶಕರು, ಎಂಜಿನಿಯರಿಂಗ್ ಕಡೆ ಸ್ಟೇಷನ್ ಎಂಜಿನಿಯರ್, ದೆಹಲಿಯಲ್ಲಿ ಇಬ್ಬರಿಗೂ ಪ್ರತ್ಯೇಕ ಮೇಲಧಿಕಾರಿಗಳು ಎಂಬ ಎರಡು ಏಣಿಗಳ ವ್ಯವಸ್ಥೆ ಗಟ್ಟಿಯಾಯಿತು. ಬಿಬಿಸಿಯಲ್ಲಿ ಸ್ಟುಡಿಯೋದ ಧ್ವನಿಯನ್ನು ಹದಗೊಳಿಸುವ ಕೆಲಸ ಕ್ರಮೇಣ ಕಾರ್ಯಕ್ರಮದವರ ಕೈಗೆ ಹೋಗಿ ‘ಸ್ಟುಡಿಯೋ ಮ್ಯಾನೇಜರ್’ ಎಂಬ ಬೇರೆಯೇ ಕಸುಬಾಯಿತು. ಭಾರತದಲ್ಲಿ ಅಂಥ ನಡುವಿನ ಹುದ್ದೆ ಬೆಳೆಯಲಿಲ್ಲ. ಸ್ಟುಡಿಯೋಗೂ ಕಂಟ್ರೋಲ್ ರೂಮಿಗೂ ನಡುವಿನ ಗಾಜಿನ ಈಚೆ ಉದ್ಘೋಷಕರು, ಆಚೆ ಎಂಜಿನಿಯರುಗಳು. ನಡುವೆ ಕೈಸನ್ನೆ, ಕೆಂಪು ದೀಪ, ಕ್ಯೂ ಶೀಟ್. ಧ್ವನಿಯ ಸೊಗಸಿನ ಬಗ್ಗೆ ಕೊನೆಯ ಮಾತು ಯಾರದೆಂಬುದನ್ನು ಹುದ್ದೆ ತೀರ್ಮಾನಿಸಲಿಲ್ಲ, ಆಯಾ ನಿಲಯದಲ್ಲಿದ್ದ ಮನುಷ್ಯರೇ ತೀರ್ಮಾನಿಸಿಕೊಂಡರು.

ಮೈಸೂರು ಈ ಏಣಿಗಳಿಂದ ಹೊರಗಿತ್ತು. ಮಹಾರಾಜ ಕಾಲೇಜಿನಲ್ಲಿ ಮನಶ್ಶಾಸ್ತ್ರದ ಪ್ರಾಧ್ಯಾಪಕರಾಗಿದ್ದ ಎಂ.ವಿ. ಗೋಪಾಲಸ್ವಾಮಿ 1935ರ ಸೆಪ್ಟೆಂಬರ್ 10ರಂದು ತಮ್ಮ ಮನೆ ‘ವಿಠ್ಠಲ ವಿಹಾರ’ದಿಂದ 30 ವಾಟ್‌ನ ಪ್ರೇಷಕದಲ್ಲಿ ಪ್ರಸಾರ ಆರಂಭಿಸಿದರು. ಮೂವತ್ತು ವಾಟ್ ಎಂದರೆ ಮಂದ ಬಲ್ಬೊಂದು ನುಂಗುವಷ್ಟು ಶಕ್ತಿ. ಆಮೇಲೆ ಅದರ ಜಾಗಕ್ಕೆ 250 ವಾಟ್‌ನದು ಬಂತು. ಕಾರ್ಯಕ್ರಮ, ಯಂತ್ರ, ಖರ್ಚು ಮೂರಕ್ಕೂ ಮನೆಯ ಯಜಮಾನರೇ ಜವಾಬ್ದಾರರಾಗಿದ್ದ ಈ ನಿಲಯದಲ್ಲಿ ಎರಡು ಲಾಗ್ ಪುಸ್ತಕಗಳ ಪ್ರಶ್ನೆಯೇ ಏಳಲಿಲ್ಲ. 1940ರ ದಶಕದ ಆರಂಭದಲ್ಲಿ ಮೈಸೂರು ಸಂಸ್ಥಾನ ಅದನ್ನು ವಹಿಸಿಕೊಂಡಿತು. 1950ರ ಏಪ್ರಿಲ್ 1ರಂದು ಅದು ಆಲ್ ಇಂಡಿಯಾ ರೇಡಿಯೋಕ್ಕೆ ಸೇರಿತು. ನಿಲಯದ ‘ಆಕಾಶವಾಣಿ’ ಎಂಬ ಹೆಸರು ಕೆಲವು ವರ್ಷಗಳಲ್ಲಿ ಇಡೀ ಸಂಸ್ಥೆಗೇ ಬಂತು. ಮೈಸೂರಿಗೆ ಹೋದದ್ದು ದೆಹಲಿಯ ನಿಯಮಾವಳಿ, ದೆಹಲಿಗೆ ಬಂದದ್ದು ಮೈಸೂರಿನ ಹೆಸರು. ವಿನಿಮಯ ಮೈಸೂರಿಗೆ ಲಾಭದ್ದೆಂದು ಹೇಳುವುದು ಕಷ್ಟ, ಏಕೆಂದರೆ 1955ರ ನವೆಂಬರ್ 2ರಂದು ಬೆಂಗಳೂರು ನಿಲಯ ಆರಂಭವಾದಾಗ ಮೈಸೂರಿನ ನಿಲಯ ಅಲ್ಲಿಗೆ ಸ್ಥಳಾಂತರಗೊಂಡಿತು. ಮೈಸೂರಿಗೆ ಮತ್ತೆ ನಿಲಯ ಸಿಕ್ಕಿದ್ದು 1974ರಲ್ಲಿ.

ಸ್ವಾತಂತ್ರ್ಯ ಬಂದಾಗ ದೇಶಕ್ಕೆ ಉಳಿದದ್ದು ಆರು ನಿಲಯಗಳು ಮತ್ತು 18 ಪ್ರೇಷಕಗಳು. ಭೂಪ್ರದೇಶದ ಶೇ. 2.5ರಷ್ಟನ್ನು, ಜನಸಂಖ್ಯೆಯ ಶೇ. 11ರಷ್ಟನ್ನು ಅವು ತಲುಪುತ್ತಿದ್ದವು. ಹೊರಾಂಗಣ ಪ್ರಸಾರ, ಅಂದರೆ ಓ.ಬಿ., ನಿಜವಾದ ಪರೀಕ್ಷೆಗೆ ಒಳಗಾದದ್ದು ಈ ಹೊತ್ತಿನಲ್ಲಿ. 1948ರ ಜನವರಿ 31ರಂದು ಗಾಂಧೀಜಿಯವರ ಅಂತಿಮಯಾತ್ರೆಯ ವೀಕ್ಷಕ ವಿವರಣೆಯನ್ನು ಮೆಲ್ವಿಲ್ ಡಿ ಮೆಲ್ಲೊ ಸುಮಾರು ಏಳು ಗಂಟೆಗಳ ಕಾಲ ನೀಡಿದರು. ಮೆರವಣಿಗೆಯ ಜೊತೆಗೇ ಸಾಗುತ್ತಿದ್ದ ವಾಹನದಿಂದ ಅಷ್ಟು ಹೊತ್ತು ಧ್ವನಿ ಕಡಿಯದಂತೆ ನೋಡಿಕೊಳ್ಳುವುದು ಬಾಯಿಮಾತಲ್ಲ. ವಿವರಣೆಕಾರರ ಹೆಸರು ಚರಿತ್ರೆಯಲ್ಲಿ ನಿಂತಿದೆ. ವಾಹನದ ಹಿಂಬದಿ ಬ್ಯಾಟರಿ, ವಾಲ್ವ್, ಕೇಬಲ್ಲುಗಳ ಜೊತೆ ಇದ್ದವರ ಹೆಸರು ನಿಂತಿಲ್ಲ. ಓ.ಬಿ. ಕೆಲಸದ ಶಿಸ್ತು ಮುಂದೆ ಬಂದದ್ದು ಇಂಥ ಅನುಭವಗಳಿಂದ: ಮೇಲ್ವಿಚಾರಕರು ಮುಂಚಿತವಾಗಿ ಸ್ಥಳ ನೋಡಿ ಬರಬೇಕು, ಅಂಚೆ–ತಂತಿ ಇಲಾಖೆಯಿಂದ ಎರಡು ಜೋಡಿ ಲೈನು ಕೇಳಬೇಕು, ಒಂದು ಕಾರ್ಯಕ್ರಮಕ್ಕೆ, ಒಂದು ಮಾತುಕತೆಗೆ, ಪ್ರಸಾರಕ್ಕೆ ಮೊದಲು 1 ಕಿಲೋಹರ್ಟ್ಸ್ ಟೋನ್ ಕಳಿಸಿ ನಿಲಯದಲ್ಲಿ ಎಷ್ಟು ಮಟ್ಟದಲ್ಲಿ ಬರುತ್ತಿದೆ ಎಂದು ಅಳೆಯಬೇಕು.

ಸರ್ದಾರ್ ಪಟೇಲರು ಮಾಹಿತಿ ಮತ್ತು ಪ್ರಸಾರ ಸಚಿವರಾಗಿದ್ದಾಗ ಸಣ್ಣ ಬಲದ ನಿಲಯಗಳನ್ನು ಬೇಗಬೇಗ ತೆರೆಯುವ ಯೋಜನೆ ಜಾರಿಗೆ ಬಂತು. ಧಾರವಾಡ ನಿಲಯ 1950ರ ಜನವರಿ 8ರಂದು ಶುರುವಾದದ್ದು ಆ ಅಲೆಯಲ್ಲೇ. 1960ರ ದಶಕದಲ್ಲಿ ಭದ್ರಾವತಿ ಮತ್ತು ಗುಲ್ಬರ್ಗ, 1976ರಲ್ಲಿ ಮಂಗಳೂರು. ಪ್ರತಿ ನಿಲಯಕ್ಕೂ ಸಾಮಾನ್ಯವಾಗಿ ಎರಡು ಠಿಕಾಣಿ. ಸ್ಟುಡಿಯೋ ಊರೊಳಗೆ, ಪ್ರೇಷಕ ಊರ ಹೊರಗೆ, ಕಂಬ ನಿಲ್ಲಿಸಿ ತಾಮ್ರದ ತಂತಿಗಳನ್ನು ನೆಲದಲ್ಲಿ ಹೂಳಲು ಬಯಲು ಇರುವ ಕಡೆ. ಎಂಜಿನಿಯರುಗಳು ಹೀಗೆ ಎರಡು ಪಂಗಡವಾಗಿ ಹಂಚಿಹೋದರು. ಬಯಲಿನ ಕಟ್ಟಡದವರಿಗೆ ಕಾರ್ಯಕ್ರಮ ಮೀಟರಿನ ಮೇಲೆ ಕುಣಿಯುವ ಮುಳ್ಳು ಮಾತ್ರ. ಊರೊಳಗಿನವರಿಗೆ ಅದು ಪರಿಚಿತರ ಕಂಠ. ಎರಡು ಕಡೆಯ ಲಾಗ್‌ಗಳನ್ನೂ ತಾಳೆ ನೋಡಿ ದೋಷ ಲೈನಿನಲ್ಲೋ ಯಂತ್ರದಲ್ಲೋ ಎಂದು ತೀರ್ಮಾನಿಸುವುದು ಸ್ಟೇಷನ್ ಎಂಜಿನಿಯರರ ನಿತ್ಯದ ತಲೆನೋವು.

ವಾಲ್ವ್ ಯುಗದ ಒಂದು ಬೆಳಗಿನ ಪಾಳಿ ಹೇಗಿರುತ್ತಿತ್ತೆಂದು ನೋಡಿದರೆ ಈ ಕೆಲಸದ ಸ್ವರೂಪ ಸ್ಪಷ್ಟವಾಗುತ್ತದೆ. ಸಂಕೇತ ಸಂಗೀತ ಬೆಳಿಗ್ಗೆ ಆರಕ್ಕೆ ಐದು ನಿಮಿಷ ಇರುವಾಗ ಕೇಳಿಸಬೇಕಾದರೆ ಪ್ರೇಷಕದವರು ಅದಕ್ಕೂ ಬಹಳ ಮೊದಲೇ ಏಳಬೇಕು. ಮೊದಲು ತಂಪುಗೊಳಿಸುವ ಗಾಳಿ, ಆಮೇಲೆ ವಾಲ್ವಿನ ಫಿಲಮೆಂಟ್, ಅದು ಕಾದ ನಂತರವೇ ಹೈ ಟೆನ್ಷನ್. ಕ್ರಮ ತಪ್ಪಿದರೆ ದುಬಾರಿ ವಾಲ್ವ್ ಹೋಗುತ್ತದೆ. ಇದೇ ಹೊತ್ತಿಗೆ ಕಂಟ್ರೋಲ್ ರೂಮಿನಲ್ಲಿ ಜಾಕ್ ಹಲಗೆಯ ಮೇಲೆ ಪ್ಯಾಚ್ ಕಾರ್ಡುಗಳನ್ನು ಚುಚ್ಚಿ ಯಾವ ಸ್ಟುಡಿಯೋ ಯಾವ ಪ್ರೇಷಕಕ್ಕೆ ಎಂದು ಜೋಡಿಸಬೇಕು; ಗಡಿಯಾರ ಸರಿಪಡಿಸಬೇಕು; ಪ್ರತಿ ಮೈಕನ್ನೂ ತಟ್ಟದೆ, ಮಾತಾಡಿ ಪರೀಕ್ಷಿಸಬೇಕು. ರಿಬ್ಬನ್ ಮೈಕನ್ನು ತಟ್ಟಿದರೆ ಅಥವಾ ಊದಿದರೆ ಒಳಗಿನ ತೆಳು ಲೋಹದ ಪಟ್ಟಿ ಹಿಗ್ಗಿಹೋಗುತ್ತದೆ. ಹೊಸದಾಗಿ ಸೇರಿದವರಿಗೆ ಬೀಳುತ್ತಿದ್ದ ಮೊದಲ ಬೈಗುಳ ಬಹುಶಃ ಇದಕ್ಕೇ ಇರಬೇಕು. ಪ್ರಸಾರ ಬೆಳಿಗ್ಗೆ, ಮಧ್ಯಾಹ್ನ, ಸಂಜೆ ಎಂದು ಮೂರು ಹೊತ್ತು ಇದ್ದುದರಿಂದ ನಡುವಿನ ಬಿಡುವು ರಿಪೇರಿಗೆ ಮೀಸಲು. ಪಾಳಿ ಬದಲಾಗುವಾಗ ಬಾಯಿಮಾತಿನಲ್ಲಿ ಹೇಳಿದ್ದು ಲೆಕ್ಕಕ್ಕಿಲ್ಲ. ಲಾಗ್‌ನಲ್ಲಿ ಬರೆದು ಸಹಿ ಮಾಡಿದ್ದಷ್ಟೇ ಲೆಕ್ಕ.

ದೆಹಲಿಯ ವಾರ್ತೆಗಳನ್ನು ಮರುಪ್ರಸಾರ ಮಾಡುವುದಂತೂ ದಿನದಿನದ ಜೂಜು. ಉಪಗ್ರಹ ಬರುವ ಮೊದಲು ಪ್ರಾದೇಶಿಕ ನಿಲಯಗಳು ದೆಹಲಿಯ ಹ್ರಸ್ವ ತರಂಗ ಪ್ರಸಾರವನ್ನು ಗ್ರಾಹಕ ಯಂತ್ರದಲ್ಲಿ ಹಿಡಿದು ಹಾಗೆಯೇ ತಮ್ಮ ಪ್ರೇಷಕಕ್ಕೆ ಕೊಡುತ್ತಿದ್ದವು. ಆಕಾಶದ ಅಯಾನುಗೋಳದಿಂದ ಪುಟಿದು ಬರುವ ಆ ಅಲೆ ಏರಿಳಿಯುತ್ತದೆ. ಬೇರೆ ಬೇರೆ ತರಂಗಗಳಿಗೆ ಹೊಂದಿಸಿದ ಎರಡು ಗ್ರಾಹಕಗಳನ್ನು ಪಕ್ಕಪಕ್ಕ ಇಟ್ಟುಕೊಂಡು, ಒಂದು ಕುಗ್ಗುತ್ತಿದ್ದಂತೆ ಇನ್ನೊಂದಕ್ಕೆ ಜಿಗಿಯಬೇಕು. ಯಾವ ಕ್ಷಣದಲ್ಲಿ ಜಿಗಿಯಬೇಕೆಂದು ಹೇಳುವ ಮೀಟರ್ ಇಲ್ಲ. ಕನ್ನಡ ನಾಡಿನ ಹಳೆಯ ಕೇಳುಗರು ನೆನೆಸಿಕೊಳ್ಳುವ, ಅಲೆಯಲ್ಲಿ ತೇಲಿ ಬರುತ್ತಿದ್ದ ದೆಹಲಿಯ ಕನ್ನಡ ವಾರ್ತೆಯ ಹಿಂದೆ ಇಂಥದೊಂದು ಕಿವಿ ಇರುತ್ತಿತ್ತು.

1950ರ ದಶಕದಲ್ಲಿ ಕಾಂತೀಯ ಟೇಪು ಬಳಕೆಗೆ ಬಂದಾಗ ಗಾಜಿನ ಎರಡೂ ಬದಿಯ ಸಂಬಂಧವೇ ಮಾರ್ಪಟ್ಟಿತು. ಅದಕ್ಕೆ ಮೊದಲು ಹೆಚ್ಚಿನದೆಲ್ಲ ನೇರ ಪ್ರಸಾರ; ಧ್ವನಿಮುದ್ರಣ ಬೇಕಿದ್ದರೆ ತಟ್ಟೆಯ ಮೇಲೆ, ತಿದ್ದಲು ಅವಕಾಶವಿಲ್ಲದಂತೆ. ಟೇಪು ಸೆಕೆಂಡಿಗೆ 19 ಸೆಂ.ಮೀ. ಓಡುತ್ತದೆ. ಅರ್ಧ ಗಂಟೆಯ ಭಾಷಣವೆಂದರೆ 340 ಮೀಟರಿಗೂ ಹೆಚ್ಚು ಉದ್ದದ ಪಟ್ಟಿ. ಭಾಷಣಕಾರರ ಅರ್ಧ ಸೆಕೆಂಡಿನ ಕೆಮ್ಮು ಒಂಬತ್ತೂವರೆ ಸೆಂ.ಮೀ. ಉದ್ದದ ವಸ್ತುವಾಯಿತು. ಅದನ್ನು ಬ್ಲೇಡಿನಿಂದ ಓರೆಯಾಗಿ ಕತ್ತರಿಸಿ ತುದಿಗಳನ್ನು ಅಂಟಿಸಿಬಿಟ್ಟರೆ ಕೆಮ್ಮೇ ಇರಲಿಲ್ಲ. ಇನ್ನು ಕತ್ತರಿ ಹಿಡಿಯಬೇಕಾದವರು ಯಾರು? ಕತ್ತರಿಸುವುದು ಯಂತ್ರದ ಕೆಲಸ, ಆದರೆ ಏನನ್ನು ಕತ್ತರಿಸಬೇಕೆಂಬುದು ಕಾರ್ಯಕ್ರಮದ ವಿವೇಚನೆ. ಡಬ್ಬಿಂಗ್ ಕೋಣೆಯಲ್ಲಿ ಇಬ್ಬರೂ ಒಂದೇ ಯಂತ್ರದ ಮುಂದೆ ಕೂರುವಂತಾಯಿತು. ಎಂಜಿನಿಯರಿಂಗ್ ಮೇಲ್ವಿಚಾರಕರ ಪಟ್ಟಿಗೆ ಹೊಸ ಬಾಬ್ತುಗಳು ಸೇರಿದವು: ಟೇಪ್ ಯಂತ್ರದ ತಲೆಗಳನ್ನು ಸ್ಪಿರಿಟ್ಟಿನಿಂದ ಒರೆಸುವುದು, ಎಲ್ಲ ಯಂತ್ರಗಳ ವೇಗ ಒಂದೇ ಇರುವಂತೆ ನೋಡುವುದು, ತಲೆಯ ಓರೆಯನ್ನು ಪರೀಕ್ಷಾ ಟೇಪಿನಿಂದ ಸರಿಪಡಿಸುವುದು. ಒಂದು ಯಂತ್ರದಲ್ಲಿ ಮುದ್ರಿಸಿದ್ದು ಇನ್ನೊಂದರಲ್ಲಿ ಮಬ್ಬಾಗಿ ಕೇಳಿದರೆ ಗಾಯಕರು ಯಂತ್ರವನ್ನು ಬೈಯುವುದಿಲ್ಲ, ನಿಲಯವನ್ನು ಬೈಯುತ್ತಾರೆ.

ಟೇಪಿನ ಇನ್ನೊಂದು ಮುಖವೆಂದರೆ ಅಳಿಸಿ ಮತ್ತೆ ಬಳಸುವ ಸೌಕರ್ಯ. ವಿದೇಶಿ ವಿನಿಮಯ ತತ್ವಾರವಿದ್ದ ಕಾಲದಲ್ಲಿ ಟೇಪು ಅಮೂಲ್ಯ. ಕಾರ್ಯಕ್ರಮ ಮುಗಿದ ಸ್ಪೂಲುಗಳು ಅಳಿಸುವ ಯಂತ್ರಕ್ಕೆ ಹೋಗುತ್ತಿದ್ದವು. ಏನನ್ನು ಉಳಿಸಬೇಕೆಂದು ಕಾರ್ಯಕ್ರಮ ವಿಭಾಗ ಬರೆದು ಕೊಟ್ಟರೆ ಉಳಿಯಿತು, ಬರೆಯದಿದ್ದರೆ ಹೋಯಿತು. 1954ರಲ್ಲಿ ದೆಹಲಿಯಲ್ಲಿ ಮುದ್ರಿತ ಧ್ವನಿಗಳನ್ನು ಕಾಪಿಡುವ ವ್ಯವಸ್ಥೆ ಆರಂಭವಾಯಿತು, ನಿಲಯಗಳಲ್ಲೂ ಟೇಪ್ ಭಂಡಾರಗಳು ಬೆಳೆದವು. ಮಲ್ಲಿಕಾರ್ಜುನ ಮನ್ಸೂರರು ಸಂಗೀತ ಸಲಹೆಗಾರರಾಗಿದ್ದ, ಬೇಂದ್ರೆಯವರೂ ಸಲಹೆಗಾರರಾಗಿ ದುಡಿದ ಧಾರವಾಡದಂಥ ನಿಲಯದಲ್ಲಿ ಅಳಿಸುವ ಯಂತ್ರದ ಗುಂಡಿ ಒತ್ತುವುದು ಎಷ್ಟು ಭಾರದ ಕೆಲಸವೆಂದು ಈಗ ಅರಿವಾಗುತ್ತದೆ. ಆಗ ಅದು ದಿನಚರಿ.

ಸಂಗೀತದ ಮುದ್ರಣದಲ್ಲಿ ಎಂಜಿನಿಯರರ ಪಾತ್ರ ಎಂದೂ ಬರೀ ತಾಂತ್ರಿಕವಾಗಿರಲಿಲ್ಲ. 1952ರಲ್ಲಿ ರಾಷ್ಟ್ರೀಯ ಸಂಗೀತ ಕಾರ್ಯಕ್ರಮ ಶುರುವಾದಾಗ ಎಲ್ಲವೂ ಮಾನೋ, ಒಂದೆರಡು ಮೈಕು. ತಂಬೂರಿಯ ಶ್ರುತಿ ಕೇಳಬೇಕು, ಆದರೆ ಗಾಯನವನ್ನು ಮುಚ್ಚಬಾರದು. ತಬಲಾದ ಬಾಯದ ಗುಮುಕು ಮೀಟರನ್ನು ಕೆಂಪಿಗೆ ತಳ್ಳಬಾರದು. ಪಿಟೀಲು ಮೃದಂಗಕ್ಕೆ ಸೋಲಬಾರದು. ಗುಂಡಿ ತಿರುಗಿಸಿ ಸರಿಪಡಿಸುವುದಕ್ಕಿಂತ ಪಕ್ಕವಾದ್ಯದವರನ್ನು ಅರ್ಧ ಅಡಿ ಹಿಂದೆ ಕೂರಿಸುವುದು ಉತ್ತಮ. ಹಾಗೆ ಹಿರಿಯ ವಿದ್ವಾಂಸರೊಬ್ಬರನ್ನು ಹಿಂದೆ ಸರಿಯಿರಿ ಎನ್ನಲು ಕಿವಿಯ ಜೊತೆ ನಾಲಗೆಯೂ ಹದವಾಗಿರಬೇಕು. ಈ ಕಲೆ ಪಠ್ಯದಲ್ಲಿರಲಿಲ್ಲ. ದೆಹಲಿಯ ಕಿಂಗ್ಸ್‌ವೇ ಕ್ಯಾಂಪಿನ ತರಬೇತಿ ಸಂಸ್ಥೆ ಪ್ರೇಷಕ, ಆಂಟೆನಾ, ಧ್ವನಿವರ್ಧಕಗಳ ವಿದ್ಯೆಯನ್ನು ಚೆನ್ನಾಗಿ ಕಲಿಸಿತು. ತಂಬೂರಿಯನ್ನು ಎಲ್ಲಿ ಇಡಬೇಕೆಂಬುದು ಮಾತ್ರ ಪಾಳಿಯ ಹಿರಿಯರಿಂದ ಕಿರಿಯರಿಗೆ ಬಂತು. ವರ್ಗಾವಣೆಯಾದಾಗ ಅದೂ ಅವರೊಡನೆ ಊರು ಬಿಟ್ಟಿತು.

1978ರ ನವೆಂಬರ್ 23 ಪ್ರೇಷಕದ ತಂಡಗಳು ಮರೆಯುವ ದಿನವಲ್ಲ. 1975ರ ಜಿನೀವಾ ಒಪ್ಪಂದದಂತೆ ಏಷ್ಯಾ, ಯುರೋಪ್, ಆಫ್ರಿಕಾಗಳ ಮಧ್ಯಮ ತರಂಗ ನಿಲಯಗಳೆಲ್ಲ ಅಂದು 9 ಕಿಲೋಹರ್ಟ್ಸ್ ಅಂತರದ ಹೊಸ ಸ್ಥಾನಗಳಿಗೆ ಹೊಂದಿಕೊಳ್ಳಬೇಕಿತ್ತು. ಸ್ಥಾನ ಕೆಲವೇ ಕಿಲೋಹರ್ಟ್ಸ್ ಸರಿಯಬೇಕಾದಲ್ಲೂ ಹೊಸ ಸ್ಫಟಿಕ ಹಾಕಿ, ಸುರುಳಿಗಳನ್ನು ಮರಳಿ ಹೊಂದಿಸಿ, ಕಂಬದ ಬುಡದ ಪೆಟ್ಟಿಗೆಯನ್ನು ಸರಿಪಡಿಸಬೇಕು. ಅದೂ ಮುಂಜಾನೆಯ ಪ್ರಸಾರಕ್ಕೆ ಅಡ್ಡಿಯಾಗದಂತೆ. ಬೆಂಗಳೂರಿನ 612, ಭದ್ರಾವತಿಯ 675, ಧಾರವಾಡದ 765, ಮಂಗಳೂರಿನ 1089 – ಈ ಅಂಕಿಗಳೆಲ್ಲ ಒಂಬತ್ತರಿಂದ ಭಾಗವಾಗುವುದು ಆ ಒಪ್ಪಂದದ ಗುರುತು. ಉದ್ಘೋಷಕರು ಬೆಂಗಳೂರಿಗೆ 490.2 ಮೀಟರ್ ಎಂದು ಹೇಳುತ್ತಿದ್ದುದು 612 ಕಿಲೋಹರ್ಟ್ಸ್‌ನ ಇನ್ನೊಂದು ರೂಪವೇ.

ಇದರ ಹಿಂದುಮುಂದಿನ ವರ್ಷಗಳಲ್ಲಿ ಸಂಸ್ಥೆಯ ಒಳಗಿನ ಲೆಕ್ಕಾಚಾರವೂ ಬದಲಾಯಿತು. 1976ರ ಏಪ್ರಿಲ್ 1ರಂದು ದೂರದರ್ಶನ ಬೇರೆಯಾಯಿತು, ಆದರೆ ಎಂಜಿನಿಯರುಗಳು ಎರಡರ ನಡುವೆ ವರ್ಗವಾಗುತ್ತಲೇ ಇದ್ದರು. ಹೊಸ ಮಾಧ್ಯಮದ ಆಕರ್ಷಣೆಯಲ್ಲಿ ಬಾನುಲಿಯ ಕಂಟ್ರೋಲ್ ರೂಮುಗಳು ಅನುಭವಿಗಳನ್ನು ಕಳೆದುಕೊಂಡವು. 1981ರಲ್ಲಿ ಭಾರತೀಯ ಪ್ರಸಾರ (ಎಂಜಿನಿಯರ್ಸ್) ಸೇವೆ ರಚನೆಯಾಗಿ ಮೇಲಿನ ಹುದ್ದೆಗಳಿಗೆ ಒಂದು ಚೌಕಟ್ಟು ಸಿಕ್ಕಿತು. ಅದರ ಕೆಳಗೆ ಸಹಾಯಕ ಎಂಜಿನಿಯರ್, ಹಿರಿಯ ಎಂಜಿನಿಯರಿಂಗ್ ಅಸಿಸ್ಟೆಂಟ್, ಎಂಜಿನಿಯರಿಂಗ್ ಅಸಿಸ್ಟೆಂಟ್, ಟೆಕ್ನಿಷಿಯನ್, ಹೆಲ್ಪರ್. ಪಾಳಿಯನ್ನು ನಿಜವಾಗಿ ನಡೆಸಿದವರು ಈ ಸಾಲಿನ ಮೊದಲ ಮೂವರು. ನಿಲಯದ ಕಚೇರಿ ಮುಖ್ಯಸ್ಥರು ಕಾರ್ಯಕ್ರಮದವರೋ ಎಂಜಿನಿಯರರೋ ಎಂಬ ಜಗ್ಗಾಟ ಮಾತ್ರ ಚೌಕಟ್ಟಿನಿಂದ ಬಗೆಹರಿಯಲಿಲ್ಲ.

ಯಂತ್ರಗಳು ದೇಶದಲ್ಲೇ ತಯಾರಾಗತೊಡಗಿದ್ದು ಕೆಲಸವನ್ನು ಸುಲಭ ಮಾಡಿತು. 1954ರಲ್ಲಿ ಬೆಂಗಳೂರಿನ ಜಾಲಹಳ್ಳಿಯಲ್ಲಿ ಹುಟ್ಟಿದ ಭಾರತ್ ಎಲೆಕ್ಟ್ರಾನಿಕ್ಸ್ ವಾಲ್ವುಗಳನ್ನೂ ಪ್ರೇಷಕಗಳನ್ನೂ ಒದಗಿಸಿತು. 1983ರಲ್ಲಿ ಹಾರಿದ ಇನ್ಸಾಟ್-1ಬಿ ಉಪಗ್ರಹದ ನಂತರ ನಿಲಯಗಳ ಮಾಳಿಗೆ, ಅಂಗಳಗಳಲ್ಲಿ ತಟ್ಟೆ ಆಂಟೆನಾಗಳು ಕಾಣಿಸಿಕೊಂಡವು. ದೆಹಲಿಯ ವಾರ್ತೆ ಪಕ್ಕದ ಕೋಣೆಯಿಂದ ಬಂದಷ್ಟು ನಿಚ್ಚಳವಾಯಿತು. ಎರಡು ಗ್ರಾಹಕಗಳ ನಡುವೆ ಜಿಗಿಯುವ ವಿದ್ಯೆ ಒಂದೇ ದಶಕದಲ್ಲಿ ಅನಗತ್ಯವಾಯಿತು.

ಕಂಪ್ಯೂಟರ್ ಬಂದದ್ದು ಇನ್ನೂ ಆಳವಾದ ಪಲ್ಲಟ. ಹಾರ್ಡ್ ಡಿಸ್ಕಿನಲ್ಲಿ ಕಾರ್ಯಕ್ರಮಗಳು ಸಾಲಾಗಿ ಕೂತವು, ಬ್ಲೇಡು ಮತ್ತು ಅಂಟುಪಟ್ಟಿ ಕಪಾಟು ಸೇರಿದವು. 1977ರಲ್ಲಿ ಮದರಾಸಿನಲ್ಲಿ ಮೊದಲು ಕೇಳಿಸಿದ ಎಫ್‌.ಎಂ. 1990ರ ದಶಕದ ನಂತರ ನಗರಗಳ ಮುಖ್ಯ ಬಾನುಲಿಯಾಯಿತು. ಎಫ್‌.ಎಂ. ವಾಹಿನಿಗಳಲ್ಲಿ ನಿರೂಪಕರು ತಾವೇ ಫೇಡರ್ ಏರಿಸಿ, ತಾವೇ ಹಾಡು ಹಾಕಿ, ತಾವೇ ಫೋನ್ ಕರೆ ಸ್ವೀಕರಿಸುವ ಪದ್ಧತಿ ಬಂತು. ಟೇಪಿನ ಕಾಲದಲ್ಲಿ ಮಸುಕಾಗಿದ್ದ ಗಡಿ ಇಲ್ಲಿ ಸ್ಟುಡಿಯೋದ ಮಟ್ಟಿಗೆ ಅಳಿಸಿಯೇ ಹೋಯಿತು. ಎಂಜಿನಿಯರರ ಕೆಲಸ ಕ್ಷಣಕ್ಷಣದ ಧ್ವನಿಯಿಂದ ಸರಿದು ಸರ್ವರ್, ಜಾಲ, ಯುಪಿಎಸ್, ಸಾಫ್ಟ್‌ವೇರ್ ಪರವಾನಗಿಗಳ ಕಡೆ ವಾಲಿತು. ನಿರೂಪಕರ ಕಂಠ ಒಡೆಯುವಷ್ಟು ಮಟ್ಟ ಏರಿದಾಗ ತಕ್ಷಣ ಇಳಿಸುವ ಕೈ ಗಾಜಿನ ಆಚೆ ಇಲ್ಲ. ಆ ಕೆಲಸವನ್ನು ಲಿಮಿಟರ್ ಎಂಬ ಪೆಟ್ಟಿಗೆ ಮಾಡುತ್ತದೆ, ಸಮಾಧಾನಕರವಾಗಿಯೇ, ಆದರೆ ತಬಲಾಕ್ಕೂ ಜಾಹೀರಾತಿಗೂ ಭೇದ ತಿಳಿಯದೆ.

1990ರಲ್ಲಿ ಸಂಸತ್ತು ಅಂಗೀಕರಿಸಿದ ಪ್ರಸಾರ ಭಾರತಿ ಕಾಯಿದೆ 1997ರಲ್ಲಿ ಜಾರಿಗೆ ಬಂದು ಆಕಾಶವಾಣಿ ಸ್ವಾಯತ್ತ ನಿಗಮದ ಅಂಗವಾಯಿತು. ಸಿಬ್ಬಂದಿ ಯಾರವರು, ಸರ್ಕಾರದವರೋ ನಿಗಮದವರೋ ಎಂಬ ಪ್ರಶ್ನೆ ಮುಂದಿನ ಹದಿನೈದು ವರ್ಷ ಎಳೆದಾಡಿತು. ಕಾಯಿದೆಗೆ ಕೊನೆಗೆ ತಂದ ತಿದ್ದುಪಡಿಯ ಪ್ರಕಾರ 2007ರ ಅಕ್ಟೋಬರ್ 5ಕ್ಕೆ ಮೊದಲು ಸೇರಿದವರು ಎರವಲು ಸೇವೆಯ ಮೇಲಿರುವ ಕೇಂದ್ರ ಸರ್ಕಾರಿ ನೌಕರರು, ಆ ಬಳಿಕ ಸೇರಿದವರು ನಿಗಮದ ನೌಕರರು. ಕಂಟ್ರೋಲ್ ರೂಮಿನ ಗೋಡೆಗೆ ತೂಗುವ ಒಂದೇ ಪಾಳಿಪಟ್ಟಿಯಲ್ಲಿ ಈಗ ಎರಡೂ ಬಗೆಯ ಹೆಸರುಗಳು ಅಕ್ಕಪಕ್ಕ ಇರುತ್ತವೆ.